ಚೆಂಗ್ಡುವಿನಲ್ಲಿ ಕಾಣೆಯಾದ ಅತ್ತೆ

ಮನೆಯಲ್ಲಿ ಹಿರಿಯರು ಇರುವವರು ಇದನ್ನು ಒಲೆಯ ಮೇಲೆ ಹಾಲಿಟ್ಟು ಓದಬೇಡಿ... ಆರಿಸಿ, ಕುಳಿತು ಓದಿ.

ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಚನ್ನವೀರಪ್ಪ ಮಷಿನ್ ನೋಡಲು ಚೀನಾಕ್ಕೆ ಹೊರಟಾಗ, ಈ ಸಲ ಮನೆಯವರನ್ನೂ ಕರೆದುಕೊಂಡು ಹೋದ. ಹೆಂಡತಿ ವಿನುತಾ, ಮಗಳು ಸಿಂಚನಾ, ಎಪ್ಪತ್ತೊಂದು ವರ್ಷದ ತಾಯಿ ನೀಲಮ್ಮ.

ಕೆಲಸವೆಲ್ಲ ಮುಗಿದು, ಚೆಂಗ್ಡು ನಗರ ಸುತ್ತಲು ಒಂದು ಇಡೀ ದಿನ ಸಿಕ್ಕಿತು.

ಬೆಳಿಗ್ಗೆ ಪಾಂಡಾ ನೋಡಿದರು... ಆಮೇಲೆ ತಿಂಡಿ ಬೀದಿಗೆ ಬಂದರು. ನಾಲಿಗೆ ಜುಮ್ಮೆನ್ನಿಸುವ ನೂಡಲ್ಸ್, ಕಡ್ಡಿಗೆ ಚುಚ್ಚಿದ, ಸೋಯಾ ಪನೀರಿನಂಥ ಟೋಫು, ಹಬೆಯಾಡುವ ಬನ್ನು. ವಿನುತಾಳಿಗೆ ಹೆಜ್ಜೆಗೊಂದು ಫೋಟೋ!

ನೀಲಮ್ಮನ ಪಾಡು ಮಾತ್ರ ಬೇರೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಜೀವ ಅದು.

“ಒಳಗ ಏನ್ ತುಂಬ್ಯಾರ ಅಂತ ಕೇಳ ಯವ್ವಾ...”

“ಅತ್ತೀ, ಅಂಗಡಿಗೊಮ್ಮೆ ಇದನ್ನ ಕೇಳಿ ಕೇಳಿ ನನಗ ಸಾಕಾಗೈತ್ರಿ. ನಿಮ್ ಸಲುವಾಗಿ ಇನ್ನೆಷ್ಟ ಸಲ ನಿಂದ್ರೂದು? ಸುಮ್ನ ಬರ್ರಿ.”

ನೀಲಮ್ಮ ಎಲ್ಲರ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಹಿಂದೆ ನಡೆದರು.

ಮಧ್ಯಾಹ್ನ ಒಂದು ದೊಡ್ಡ ಬೌದ್ಧ ದೇವಸ್ಥಾನಕ್ಕೆ ಬಂದರು. ಮುಂದಿನ ಬಾಗಿಲಿನಿಂದ ಒಳಗೆ ಹೋಗಿ, ನಾಲ್ಕಾರು ಅಂಗಳ ದಾಟಿ, ಹಿಂದಿನ ಬಾಗಿಲಿನಿಂದ ಹೊರಬರಬೇಕು. ಅಲ್ಲಿ ಜನ ಶೂ ಹಾಕಿಕೊಂಡೇ ಓಡಾಡುತ್ತಾರೆ. ವಿನುತಾಳೂ ಹಾಗೇ ಒಳಗೆ ನಡೆದಳು.

ಹೊರಗೆ ಬಂದು ಐಸ್‌ಕ್ರೀಮ್ ಕೊಳ್ಳುವಾಗ ಸಿಂಚನಾ ಕೇಳಿದಳು, “ಮಮ್ಮಿ... ಅಜ್ಜಿ ಎಲ್ಲಿ?”

ವಿನುತಾ ತಿರುಗಿ ನೋಡಿದಳು.

ಜನವೋ ಜನ... ನೀಲಮ್ಮ ಮಾತ್ರ ಇಲ್ಲ.

ಅತ್ತೆಯ ಹತ್ತಿರ ಫೋನ್ ಇಲ್ಲ. ಹೋಟೆಲಿನ ವಿಳಾಸ ಇಲ್ಲ. ಕನ್ನಡ ಬಿಟ್ಟರೆ ಬೇರೆ ಭಾಷೆಯ ಒಂದಕ್ಷರವೂ ಬಾರದು.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅತ್ತೆ ಬೆಳಿಗ್ಗೆ ಶುಗರ್ ಗುಳಿಗೆ ನುಂಗಿದ್ದರು... ಹೊಟ್ಟೆಗೆ ಬಿದ್ದದ್ದು ಎರಡು ತುತ್ತು ಬಿಳಿ ಅನ್ನ. ಹೋದ ತಿಂಗಳು ಹೀಗೇ ಶುಗರ್ ಇಳಿದು ಅಡುಗೆಮನೆಯಲ್ಲಿ ಕುಸಿದಿದ್ದರು. ಅಲ್ಲಿ ಸಕ್ಕರೆ ನೀರು ಕುಡಿಸಲು ಮನೆಯವರಿದ್ದರು.

ಇಲ್ಲಿ ಬಿದ್ದರೆ...?

“ನಾ ಸಿಂಚನಾನ್ನ ಕರ್ಕೊಂಡು ಪೊಲೀಸರ ಹತ್ರ ಹೊಕ್ಕೀನಿ. ನೀ ಮುಂದಿನ ಬಾಗ್ಲ ಕಡೆ ಓಡು!” ಚನ್ನವೀರಪ್ಪ ಮಗಳ ಕೈ ಹಿಡಿದು ಹೊರಟ.

ಹಿಂದಿನ ಬಾಗಿಲಿನ ಕಾವಲುಗಾರ ಅವಳನ್ನು ಒಳಗೆ ಬಿಡಲಿಲ್ಲ. ಗೋಡೆ ಸುತ್ತಿ ಬರಬೇಕೆಂದು ಕೈ ತೋರಿಸಿದ. ವಿನುತಾ ಓಡಿದಳು... ಆ ಗೋಡೆಗೆ ಕೊನೆಯೇ ಇಲ್ಲವೇನೋ ಅನ್ನಿಸಿತು.

ನರೆಗೂದಲಿನ ಹೆಂಗಸು ಕಂಡಾಗಲೆಲ್ಲ “ಅತ್ತೀ!” ಎಂದು ಕೂಗಿದಳು. ತಿರುಗಿದ್ದು ಬೇರೆಯವರ ಮುಖ.

ದೂರದಲ್ಲೆಲ್ಲೋ ಆಂಬುಲೆನ್ಸ್ ಸದ್ದು ಕೇಳಿಸಿತು. ಅವಳು ಇನ್ನೂ ಜೋರಾಗಿ ಓಡಿದಳು.

ಮುಂದಿನ ಬಾಗಿಲಲ್ಲಿ ಒಬ್ಬ ವಯಸ್ಸಾದ ಕಾವಲುಗಾರ ನಿಂತಿದ್ದ. ಫೋಟೋ ತೋರಿಸೋಣವೆಂದು ವಿನುತಾ ಫೋನ್ ತೆಗೆದಳು.

ಪಾಂಡಾ... ನೂಡಲ್ಸ್... ತಾನು... ಮಗಳು... ಮತ್ತೆ ತಾನು...

ಬೆಳಿಗ್ಗೆಯಿಂದ ತೆಗೆದ ಅಷ್ಟೂ ಫೋಟೋಗಳಲ್ಲಿ ಅತ್ತೆ ಒಂದರಲ್ಲೂ ಇರಲಿಲ್ಲ! ಚೀಲ ಹಿಡಿದು ಯಾವಾಗಲೂ ಪಕ್ಕಕ್ಕೆ ನಿಂತವರು ಅವರು.

ಕೊನೆಗೆ ಒಂದು ಫೋಟೋದ ಮೂಲೆಯಲ್ಲಿ ಹಸಿರು ಇಳಕಲ್ ಸೀರೆಯ ಸೆರಗು ಸಿಕ್ಕಿತು. ಅದನ್ನೇ ದೊಡ್ಡದು ಮಾಡಿ, ಅಳುತ್ತಾ ತೋರಿಸಿದಳು.

ಕಾವಲುಗಾರ ನೋಡಿದ. ಮೊದಲು ತನ್ನ ಪಾದ ತೋರಿಸಿದ, ಆಮೇಲೆ ಬಾಗಿಲ ಪಕ್ಕದ ಸಣ್ಣ ಕೋಣೆ ತೋರಿಸಿದ.

ಪಾದ ಯಾಕೆ? ಬಿದ್ದರೇ? ಕಾಲು ಮುರಿಯಿತೇ? ದೇವರೇ... ಜೀವ ಇದ್ದರೆ ಸಾಕು ಎಂದುಕೊಂಡು ಒಳಗೆ ನುಗ್ಗಿದಳು.

ಬೆಂಚಿನ ಮೇಲೆ ನೀಲಮ್ಮ ಕುಳಿತಿದ್ದರು.

ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. ಪಕ್ಕದಲ್ಲಿ ಕಸ ಗುಡಿಸುವ ಮುದುಕಿ, ಬಿಸಿನೀರಿನ ಲೋಟ ಹಿಡಿದು “ಕುಡಿ ಕುಡಿ” ಎನ್ನುವಂತೆ ತಲೆಯಾಡಿಸುತ್ತಿದ್ದಳು. ನೆಲದ ಮೇಲೆ ಅತ್ತೆಯ ಚಪ್ಪಲಿ.

“ಗುಡಿಯೊಳಗ ಚಪ್ಪಲಿ ಹಾಕ್ಕೊಂಡು ಹೆಂಗ ಹೋಗ್ಲೆವ್ವಾ? ಇಲ್ಲೇ ಬಾಗ್ಲಾಗ ಬಿಟ್ಟಿದ್ದೆ. ಹಿಂದಿನ ಬಾಗ್ಲಕ್ಕ ಹೋದ ಮ್ಯಾಲ ಗೊತ್ತಾತು, ತಿರುಗಿ ಈ ಕಡೆ ಯಾರೂ ಬರೂದಿಲ್ಲ ಅಂತ. ಅದಕ್ಕ ಒಬ್ಬಾಕಿನ ವಾಪಸ್ ಬಂದೆ. ಈ ತಾಯಿ ಎತ್ತಿಟ್ಟಿದ್ಲು ನೋಡು...”

ಬರಿಗಾಲಲ್ಲಿ ಕಾದ ಕಲ್ಲು ತುಳಿದು ತುಳಿದು ಅತ್ತೆಯ ಪಾದಗಳು ಕೆಂಪಾಗಿದ್ದವು.

ವಿನುತಾಳ ಅಳು ಒಮ್ಮೆಲೇ ಸಿಟ್ಟಾಯಿತು. “ಒಂದ ಮಾತು ಹೇಳಿ ಹೋಗಬಾರದೇನ್ರಿ ಅತ್ತೀ? ಗೊತ್ತಿಲ್ಲದ ಊರಾಗ ನಿಮಗ ಅಂಜಿಕಿ ಆಗಲಿಲ್ಲೇನು?”

ನೀಲಮ್ಮ ತಲೆ ತಗ್ಗಿಸಿದರು.

“ಊರಿಗೆ ಅಂಜಲಿಲ್ಲವ್ವ... ಇವ್ರೆಲ್ಲ ಛಲೋ ಮಂದಿ. ಮತ್ತ ನಿಂದ್ರಿಸಿದೆ ಅಂತ ನೀ ಬೈತಿ ಅಂತ ಅಂಜಿದ್ನಿ...”

ವಿನುತಾ ಕೈಯಲ್ಲಿದ್ದ ಫೋನ್ ಬೆಂಚಿನ ಮೇಲಿಟ್ಟಳು.

ಭಾಷೆ ಬಾರದ, ದಾರಿ ಗೊತ್ತಿಲ್ಲದ, ಲಕ್ಷಾಂತರ ಜನರ ಪರದೇಶದ ಊರು ಅತ್ತೆಯನ್ನು ಹೆದರಿಸಿರಲಿಲ್ಲ. ಹೆದರಿಸಿದ್ದು ತನ್ನ ನಾಲಿಗೆ! ತಾನು ಮುಕ್ಕಾಲು ಗಂಟೆ ಪಟ್ಟ ಭಯವನ್ನು ಈ ಜೀವ ಒಂದೇ ಮನೆಯಲ್ಲಿದ್ದುಕೊಂಡು ಎಷ್ಟು ವರ್ಷದಿಂದ ಪಡುತ್ತಿದೆಯೋ...

ಅವಳು ಅಲ್ಲೇ ನೆಲಕ್ಕೆ ಕುಳಿತು, ಅತ್ತೆಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕಸ ಗುಡಿಸುವ ಮುದುಕಿಗೆ ಏನೂ ಅರ್ಥವಾಗಲಿಲ್ಲ. ಆದರೂ ಅವಳ ಬೆನ್ನು ಸವರಿದಳು.

ಊರಲ್ಲಿ ಕಳೆದುಹೋದ ಹಿರಿಯರನ್ನು ಹುಡುಕಿ ತರಬಹುದು... ನಮಗೇ ಹೆದರಿ ಮಾತು ನಿಲ್ಲಿಸಿದವರನ್ನು ಎಲ್ಲಿ ಅಂತ ಹುಡುಕುವುದು?

ನಿಮ್ಮ ಮನೆಯಲ್ಲಿ ಇವತ್ತು ಯಾರಾದರೂ ನಿಮ್ಮ ಹತ್ತಿರ ಏನೋ ಕೇಳಬೇಕೆಂದು ಬಂದು, ನಿಮ್ಮ ಮುಖ ನೋಡಿ ಸುಮ್ಮನೆ ವಾಪಸ್ ಹೋದರಾ?