ಮಗ್ಗದ ಕುಣಿಯಿಂದ ಬಂದ ಪದ

ನಮ್ಮ ಮಗ್ಗದ ಮನೆಯೊಳಗೆ ಸಣ್ಣಾಟ ನಡೆದ ಸಂಜೆಯ ಬಗ್ಗೆ ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಒಂದೇ ಕಥೆ: ಹಿಮ್ಮೇಳದವನ ದನಿ ಬಿದ್ದಾಗ ಆಟದವರ ಜೊತೆ ಬಂದ ಯಾವಳೋ ಹಾಡುಗಾರ್ತಿ ಮರೆಯಲ್ಲಿ ನಿಂತು ಹಾಡಿದಳಂತೆ. ನಾನು ಒಪ್ಪುವುದಿಲ್ಲ. ಆ ಮೇಳದಲ್ಲಿ ಹೆಂಗಸರೇ ಇರಲಿಲ್ಲ. ರಾಣಿಗೂ ಮೀಸೆ ಬೋಳಿಸಿದ ಗುರುತಿತ್ತು. ನಾವು ನೇಯುವ ಕುಪ್ಪಸದ ಹೊಸ ಖಣದ ಗಂಜಿಯ ವಾಸನೆ ಬಂದರೆ ಇಂದಿಗೂ ನನಗೆ ಆ ದನಿ ಕೇಳಿಸುತ್ತದೆ.

ಬಯಲಿನಲ್ಲಿ ಮಳೆ ಹಿಡಿದದ್ದರಿಂದ ಅಜ್ಜ ಆಟವನ್ನು ಒಳಗೆ ಕರೆದಿದ್ದ. ನೇಯ್ಗೆ ಅರ್ಧಕ್ಕಿದ್ದ ಮಗ್ಗಗಳನ್ನು ಕದಲಿಸುವಂತಿರಲಿಲ್ಲ.

“ಎಳಿ ಹರದ್ರ, ರಾಣಿ ಇದ್ರೂ ಬಿಡಂಗಿಲ್ಲ ನೋಡಪಾ!” ಎಂದು ಅಜ್ಜ ಗದರಿದ. ರಾಣಿ ಸೀರೆ ಎತ್ತಿ ಹಿಡಿದೇ ಮಗ್ಗಗಳ ನಡುವೆ ಕುಣಿದ. ಜಾಗವಿಲ್ಲದೆ ನಾನೂ ನನ್ನ ಸೋದರತ್ತೆಯೂ ಹಿಂದಿನ ಮಗ್ಗದ ಮರೆಯಲ್ಲಿ, ನೇಯುವವರು ಕಾಲಿಡುವ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದೆವು.

ರಾಣಿ ಅಳುವ ಪದಕ್ಕೆ ಸರಿಯಾಗಿ ಹಿಮ್ಮೇಳದವನ ಗಂಟಲು ಕಟ್ಟಿತು.

“ಹಿರಿಯಾ, ಇದಕ್ಕ ನಮ್ಮನ್ನ ಕರದ್ಯೇನೋ?” ಎಂದು ಯಾರೋ ಹಂಗಿಸಿದರು. ಅಜ್ಜನ ಮುಖ ಸಣ್ಣದಾಯಿತು.

ಆಗ ನನ್ನ ಪಕ್ಕದಲ್ಲೇ ಅತ್ತೆ ಪದ ಎತ್ತಿಕೊಂಡಳು. ದಿನವೂ ಲಾಳಿ ಎಸೆಯುತ್ತ ಗುನುಗುತ್ತಿದ್ದ ಪದವದು. ಮಗ್ಗ ತುಳಿಯುವ ಕಾಲಲ್ಲೇ ತಾಳ ಹಾಕುತ್ತಿದ್ದಳು. ಅದರ ಕಂಪನ ನನ್ನ ಪಾದಕ್ಕೂ ತಾಗಿತು. ಹಂಗಿಸಿದವರೇ ತಲೆ ತೂಗಿದರು. ದಿನವೂ ಆ ದನಿ ಕೇಳುವ ಅಜ್ಜ ಮಾತ್ರ ಅತ್ತಿತ್ತ ನೋಡದೆ ರುಮಾಲು ಸರಿಮಾಡಿಕೊಂಡ.

“ಯಾರ್ರಿ ತಾಯಿ ಹಾಡಿದವ್ರು? ಮುಂದ ಬರ್ರಿ!” ನುಡಿಸುತ್ತಿದ್ದ ಪೇಟಿ ಬಿಟ್ಟು ಎದ್ದ ಮೇಳದ ಮಾಸ್ತರರು ಕೈ ಮುಗಿದಿದ್ದರು.

ಅತ್ತೆ ತಲೆ ತಗ್ಗಿಸಿ, ಹರಿದ ಎಳೆ ಕೂಡಿಸುವವಳಂತೆ ಬೆರಳಾಡಿಸತೊಡಗಿದಳು. ನಾನು ಕೈ ಎತ್ತಿದರೆ, “ಸುಮ್ಕಿರ” ಎಂದು ಹಿಡಿದಳು.

ಅತ್ತಿ, ಅವತ್ತ ಒಂದು ಎಳಿನೂ ಹರಿದಿರಲಿಲ್ಲ, ನಾ ನೋಡೇನಿ. ನೀ ಯಾಕ ಎದ್ದು ನಿಲ್ಲಲಿಲ್ಲ?