ಜೀರಿಗೆ ಕಷಾಯ

ಟೊಮೆಟೊ ತೋಟಕ್ಕೆ ವರ್ಷವರ್ಷವೂ ಬೇಕಾದದ್ದರ ಎರಡರಷ್ಟು ಯೂರಿಯಾ ಸುರಿದಿದ್ದ ಬೈರೆಡ್ಡಿ. ಅದೆಲ್ಲ ನೆಲಕ್ಕಿಳಿದು ಈಗ ಬೋರ್‌ವೆಲ್ ನೀರಿಗೇ ಸೇರಿತ್ತು. ನೀರು ಪರೀಕ್ಷೆ ಮಾಡಿದವನು ಬಿಡಿಸಿ ಹೇಳಿದ್ದ: "ಕುದಿಸಿದ್ರೂ ಹೋಗಲ್ಲ, ಬತ್ತಿಸಿದಷ್ಟೂ ವಿಷ ಹೆಚ್ಚುತ್ತೆ. ದೊಡ್ಡೋರು ಹೇಗೋ ತಡ್ಕೊಂಡಾರು. ಹಸುಗೂಸುಗಳಿಗೆ ಮಾತ್ರ ಒಂದು ಹನೀನೂ ಕೊಡಬೇಡಿ."

ಸುದ್ದಿ ಹೊರಬಿದ್ದರೆ ಮಾರಾಟಕ್ಕಿಟ್ಟ ಜಮೀನಿಗೆ ಅರ್ಧ ಬೆಲೆಯೂ ಹುಟ್ಟುತ್ತಿರಲಿಲ್ಲ. ಬೈರೆಡ್ಡಿ ಬಾಯಿಗೆ ಬೀಗ ಹಾಕಿಕೊಂಡ. ತನಗೊಬ್ಬನಿಗೆ ಪೇಟೆಯಿಂದ ಕ್ಯಾನ್ ನೀರು ತರಿಸತೊಡಗಿದ. ಕೂಲಿಯವರು ಕೇಳಿದರೆ, "ಹೊಟ್ಟೆ ಸರಿಯಿಲ್ಲ, ಡಾಕ್ಟ್ರು ಹೇಳವ್ರೆ" ಎನ್ನುತ್ತಿದ್ದ. ಅವರು ಬೋರಿನ ಪೈಪಿಗೆ ಬೊಗಸೆಯೊಡ್ಡಿ ಕುಡಿಯುವಾಗ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಹಣ್ಣು ಬಿಡಿಸಲು ಬರುವ ಮುದುಕಿ ಪಿಳ್ಳಮ್ಮ ಸೆರಗಿನಲ್ಲಿ ಬಿಸಿ ಚೊಂಬು ಹಿಡಿದು ಬಂದಳು.

"ಜೀರಿಗೆ ಕಷಾಯ ಸಾಮಿ. ನಿಮ್ಮ ಹೊಟ್ಟೆ ಸಂಕಟ ನೋಡಕ್ಕಾಗ್ತಿಲ್ಲ."

ಭೂಮಿ ಬಾಯಿಬಿಡಬಾರದೇ ಎನಿಸಿತು ಬೈರೆಡ್ಡಿಗೆ. "ಮನೇಲಿ ಮಾಡಿದ್ದಾ?" ಎಂದ.

"ಹೂಂ ಸಾಮಿ, ಮನೇಲೇ."

ಅವಳ ಮುಖ ನೋಡಲಾಗದೆ ತಲೆತಗ್ಗಿಸಿಯೇ ಅಷ್ಟನ್ನೂ ಕುಡಿದು ಚೊಂಬು ಹಿಂದಿರುಗಿಸಿದ. "ನನಗೋಸ್ಕರ ಯಾಕಮ್ಮ ಇಷ್ಟು ಕಷ್ಟಪಟ್ಟೆ?"

"ಕಷ್ಟ ಏನು ಬಂತು? ನಮ್ಮ ಕೊಳಾಯಿ ನೀರು ಬರೀ ಉಪ್ಪು ಅಂತ ನಿಮ್ಮ ಬೋರಿಂದೇ ಹೊತ್ಕೊಂಡೋಗ್ತೀನಿ. ನಾಲ್ಕು ಚೊಂಬು ನೀರು ಒಂದು ಚೊಂಬಾಗೋವರ್ಗೂ ಬತ್ತಿಸ್ತೀನಿ. ನನ್ನ ಮೊಮ್ಮಗಳಿಗಿನ್ನೂ ಮೂರು ತಿಂಗಳು ಸಾಮಿ, ಅವಳಿಗೂ ದಿನಾ ಇದನ್ನೇ ಕುಡಿಸೋದು."