ಯಾರೂ ಕರೆಯದ ಹೆಸರು

"ಮಾಳಿಂಗಪ್ಪಾ!"

ಮಹೇಶ್ವರಿ ಟೀಚರ್ ಕೂಗುತ್ತಲೇ ಇದ್ದಳು, ನಾಲ್ಕು ವರ್ಷದ ಹುಡುಗ ಉಪ್ಪಿಟ್ಟಿನೊಳಗಿನ ಶೇಂಗಾ ಆರಿಸುತ್ತಲೇ ಇದ್ದ. ಗೊರೇಬಾಳದ ಅಂಗನವಾಡಿಗೆ ಅವನು ಬಂದು ವಾರವಾಗಿತ್ತು, ವಾರವೆಲ್ಲಾ ಇದೇ ಕಥೆ. ಕಿವಿ ಮಂದವೇನೋ ಎಂದು ಅವನ ಬೆನ್ನ ಹಿಂದೆ ಬೇಕಂತಲೇ ಒಂದು ತಾಟು ಬೀಳಿಸಿ ನೋಡಿದಳು. ಹುಡುಗ ಗಕ್ಕನೆ ತಿರುಗಿ, "ಟೀಚರ್, ನಿಮ್ಮ ತಾಟು ಬಿತ್ರೀ," ಎಂದ. ಕಿವಿ ಚೆನ್ನಾಗಿತ್ತು, ಬಾಯಿ ಅದಕ್ಕಿಂತ ಚೆನ್ನಾಗಿತ್ತು. ಹೆಸರು ಕರೆದರೆ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಸಿಂಧನೂರಿನ ತರಬೇತಿಯಲ್ಲಿ ಕೇಳಿದ್ದ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಹೆಸರು ಹಿಡಿದು ಕರೆದರೂ ತಿರುಗದ ಮಗುವಿನ ಬೆಳವಣಿಗೆಯಲ್ಲಿ ಏನೋ ತೊಡಕಿರಬಹುದು, ಹಾಗೇ ಬಿಡಬಾರದು. ಸೋಮವಾರ ಮಕ್ಕಳ ತಪಾಸಣೆಗೆ ಡಾಕ್ಟರು ಬರುವವರಿದ್ದರು. ಅವರೆದುರೂ ಹೀಗೇ ಶೇಂಗಾ ಆರಿಸುತ್ತ ಕೂತರೆ ರಾಯಚೂರಿನ ದೊಡ್ಡಾಸ್ಪತ್ರೆಗೆ ಕಳಿಸುವುದು ಖಂಡಿತ. ಪಾಪ, ಎಂಥಾ ಚುರುಕು ಹುಡುಗ! ಮನೆಯಲ್ಲಿ ಹೇಗಿರುತ್ತಾನೋ ಕಣ್ಣಾರೆ ನೋಡಿಬಿಡೋಣ ಎಂದು, ಅಂಗನವಾಡಿಯ ಬಾಗಿಲು ಹಾಕಿದವಳೇ ಅವನ ಕೈಹಿಡಿದುಕೊಂಡು ಮನೆಗೇ ನಡೆದಳು.

ಕಟ್ಟೆಯ ಮೇಲೆ ತಾತ ಹಗ್ಗ ಹೊಸೆಯುತ್ತಿದ್ದ. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಅಜ್ಜಿ ಗ್ಯಾನಮ್ಮ ವಿಷಯ ಕೇಳಿ ಮೊರ ಕೆಳಗಿಟ್ಟಳು.

"ನಮ್ಮ ಹುಡುಗಗ ಏನೂ ಆಗಿಲ್ಲ ತಗೋಬೇ ಟೀಚರಮ್ಮಾ. ನೋಡಿಲ್ಲೆ. ಲೇ ಯಜಮಾನಾ!"

ಹುಡುಗ ಓಡಿ ಬಂದು ಅಜ್ಜಿಗೆ ಜೋತುಬಿದ್ದ.

"ಅದಲ್ಲಮ್ಮಾ, ಹೆಸರು ಹಿಡಿದು ಕರೀರಿ. ಮಾಳಿಂಗಪ್ಪ ಅನ್ರಿ."

ಗ್ಯಾನಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಬಾಗಿಲ ಮರೆಯಲ್ಲಿದ್ದ ಸೊಸೆ ಅಮರೇಶ್ವರಿ ಕಿಸಕ್ಕನೆ ನಕ್ಕಳು. ಕಟ್ಟೆಯ ಮೇಲಿಂದ ತಾತ ಗಂಟಲು ಸರಿಮಾಡಿಕೊಂಡ. "ಅದು ನನ್ನ ಹೆಸರ್ರೀ ಟೀಚರ್. ಹುಡುಗಗೂ ಅದನ್ನ ಇಟ್ಟೀವಿ."

ಆಗ ಮಹೇಶ್ವರಿಗೆ ಗುಟ್ಟು ತಿಳಿಯಿತು. ಗಂಡನ ಹೆಸರನ್ನು ಅಜ್ಜಿ ಹೇಳುವಂತಿಲ್ಲ, ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲ. ಮಗ ಹುಲಿಗೇಶನಿಗಾದರೂ, ಹೆತ್ತಪ್ಪನ ಹೆಸರಿಗೆ 'ಲೇ' ಹಚ್ಚಿ ಕೂಗುವ ಎದೆಗಾರಿಕೆ ಎಲ್ಲಿಂದ ಬರಬೇಕು? ತೊಟ್ಟಿಲಲ್ಲಿ ಸೋದರತ್ತೆ ಕಿವಿಯಲ್ಲಿ 'ಕುರ್ರ್' ಎಂದು ಊದಿ ಹೇಳಿದ್ದು ಬಿಟ್ಟರೆ ಆ ಹೆಸರು ಹುಡುಗನ ಪಾಲಿಗೆ ಬಂದೇ ಇರಲಿಲ್ಲ. ಓಣಿಯವರು ಮಾಳಿಂಗಪ್ಪಾ ಎಂದರೆ ಎದ್ದು ಹೋಗುವವನು ತಾತ. ಅಂಗನವಾಡಿಯಲ್ಲೂ ತಾತನನ್ನೇ ಯಾರೋ ಹುಡುಕುತ್ತಿದ್ದಾರೆ ಎಂದುಕೊಂಡು ಹುಡುಗ ತನ್ನ ಪಾಡಿಗೆ ತಾನು ಶೇಂಗಾ ತಿನ್ನುತ್ತಿದ್ದ. ಬೈಯೋಣವೆಂದರೆ ಮಹೇಶ್ವರಿಗೂ ಬಾಯಿಲ್ಲ. ಅವಳ ಫೋನಿನಲ್ಲಿ ಗಂಡನ ಹೆಸರು 'ನಮ್ಮವರು' ಎಂದೇ ಇತ್ತು.

"ಸೋಮವಾರದೊಳಗ ಯಾರರ ಕರೆದು ರೂಢಿ ಮಾಡಿಸ್ರಿ. ಇಲ್ಲಂದ್ರ ದವಾಖಾನಿ ಅಡ್ಡಾಡೋದು ತಪ್ಪಂಗಿಲ್ಲ. ಆಮೇಲೆ ಮಂದಿ ಹುಡುಗನ್ನ ಏನಂತಾರ, ನೀವ ಹೇಳ್ರಿ."

ಮಂದಿಯ ಬಾಯಿ ಗ್ಯಾನಮ್ಮನಿಗೆ ಗೊತ್ತಿಲ್ಲದ್ದೇ? ಅವಳ ಮುಖ ಕಳೆಗುಂದಿತು. "ಯವ್ವಾ, ಬಂಗಾರದಂಥಾ ಕೂಸಿಗೆ ಪೆದ್ದ ಅಂತ ಹೆಸರು ತರಬೇಕೇನು? ಅಮರವ್ವಾ, ನೀ ಕರಿ."

"ನಾ ಒಲ್ಲೆ ಅತ್ತಿ! ಮಾವ ಎದುರಿಗೇ ಕುಂತಾರ," ಎಂದವಳೇ ಸೊಸೆ ಅಡುಗೆಮನೆ ಸೇರಿ ರೊಟ್ಟಿ ಬಡಿಯತೊಡಗಿದಳು.

"ಹಂಗಾದ್ರ ನೀವ ಕರೀರಿ," ಎಂದು ಟೀಚರ್ ತಾತನತ್ತ ತಿರುಗಿದಳು. ಅವನು ಎದ್ದು ನಿಂತು, ಅತ್ತಿತ್ತ ನೋಡಿ, "ಲೇ ಮಾಳಿಂಗಪ್ಪಾ!" ಎಂದು ಒಂದು ಕೂಗು ಹಾಕಿದ. ಹಾದಿಯಲ್ಲಿ ಹೊರಟಿದ್ದ ಬೈಕಿನವನೊಬ್ಬ ನಿಲ್ಲಿಸಿ ಅವನನ್ನು ನೋಡಿ ಮುಂದೆ ಹೋದ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. "ತಾತಾ, ನಿನ್ನ ನೀನ ಕರಿಯಾಕತ್ತೀ!"

ತಾತ ಮುಖ ಸಣ್ಣದು ಮಾಡಿಕೊಂಡು ಕೂತ. "ನನ್ನ ಕೈಲಿ ಆಗಂಗಿಲ್ರೀ. ನಾಳೆ ಊರಾಗ ಮಾಳಿಂಗಪ್ಪಗ ಹುಚ್ಚು ಹಿಡದೈತಿ ಅಂತಾರ." ಮತ್ತೆ ಹಗ್ಗ ಕೈಗೆತ್ತಿಕೊಂಡ.

ಗ್ಯಾನಮ್ಮ ಮೊಮ್ಮಗನನ್ನು ನೋಡಿದಳು, ಟೀಚರನ್ನು ನೋಡಿದಳು. ಮದುವೆಯ ದಿನ ಗೆಳತಿಯರು ಬಾಗಿಲಿಗೆ ಅಡ್ಡ ನಿಂತಾಗ ಒಡಪಿನೊಳಗೆ ಸೇರಿಸಿ ಆ ಹೆಸರು ಗೊಣಗಿದ್ದಳು. ಅದೇ ಮೊದಲು, ಅದೇ ಕೊನೆ. ಅಲ್ಲಿಂದ ಇಲ್ಲಿಯವರೆಗೆ ಬರೀ 'ಏನ್ರೀ', 'ಹುಲಿಗೇಶನ ಅಪ್ಪಾ', ಸಿಟ್ಟು ಬಂದಾಗ ಅದೂ ಇಲ್ಲ. ಮೊಮ್ಮಗನಿಗಿಂತ ಹೆಚ್ಚಿಂದೇನು ಈ ನಾಲಿಗೆ? ತಲೆ ತುಂಬ ಸೆರಗು ಹೊದ್ದು, ಗೋಡೆಯ ಕಡೆ ಮುಖಮಾಡಿ, "ತಪ್ಪಾತು ನನ್ನಪ್ಪಾ," ಎಂದು ಮನೆದೇವರಿಗೆ ಕೈಮುಗಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಮಾಳಿಂಗಪ್ಪಾ! ಬಾರಪಾ ಇಲ್ಲೆ!"

ಅಂಗಳವೆಲ್ಲ ತುಂಬುವ ಕೂಗು ಅದು. ಒಳಗೆ ರೊಟ್ಟಿ ಬಡಿಯುವ ಸದ್ದು ಗಪ್ಪನೆ ನಿಂತಿತು. ಹುಡುಗ ಅಜ್ಜಿಯನ್ನು ನೋಡಿ, ತಿರುಗಿ ತಾತನನ್ನು ನೋಡಿ, "ತಾತಾ, ಅಜ್ಜಿ ನಿನ್ನ ಕರಿಯಾಕತ್ತಾಳ, ಹೋಗು," ಎಂದ.

ತಾತ ಆಗಲೇ ಎದ್ದು ನಿಂತಿದ್ದ. ಹೊಸೆಯುತ್ತಿದ್ದ ಹಗ್ಗ ಕೈಜಾರಿ ಕಟ್ಟೆಯ ಕೆಳಗೆ ಬಿದ್ದಿದ್ದೂ ಅವನಿಗೆ ಗೊತ್ತಾಗಲಿಲ್ಲ. ಮುಖ ಕೆಂಪಾಗಿತ್ತು.

"ಇನ್ನೊಮ್ಮೆ ಕರಿ," ಎಂದ, ಹೆಂಡತಿಯನ್ನೇ ನೋಡುತ್ತ. "ಹುಡುಗಗ ಕೇಳಿಸಿಲ್ಲ."